ಟ್ಯಾಂಕಿನ ಕಣ್ಣಿಗೆ ತಾಮ್ರದ ತಗಡು

ಹುಣಸೆಹಣ್ಣಿಗೆ ಒಂದು ಚಿಟಿಕೆ ಬೂದಿ ಸೇರಿಸಿಕೊಂಡು ಬೈಲಪ್ಪ ಮನೆ ಮುಂದಿನ ಕಲ್ಲಿನ ಮೇಲೆ ಕೂತು ಹಿತ್ತಾಳೆ ಗುಂಡನ್ನು ಗಸಗಸ ಉಜ್ಜುತ್ತಿದ್ದ. ಅದು ದೇವರ ಮನೆಯ ಸಾಮಾನೇನೂ ಅಲ್ಲ. ಉದ್ದನೆಯ ಉಕ್ಕಿನ ಟೇಪಿನ ತುದಿಗೆ ಕಟ್ಟಿದ್ದ, ನಿಂಬೆಹಣ್ಣಿನ ಗಾತ್ರದ ಗುಂಡು. ಆದರೆ ದೇವರ ಮನೆಯ ದೀಪಕ್ಕೂ ಅವನು ಅಷ್ಟು ಹುಣಸೆಹಣ್ಣು ಖರ್ಚು ಮಾಡಿದವನಲ್ಲ.

"ಅಲ್ಲ ಕಣ್ರೀ, ಸಾರಿಗೆ ಅಂತ ನೆನೆಸಿಟ್ಟಿದ್ದ ಹುಣಸೆಹಣ್ಣು ಎಲ್ಲೋಯ್ತು?" ಎಂದು ಒಳಗಿನಿಂದ ಹೆಂಡತಿ ಗೌರಕ್ಕ ಕೂಗಿದಳು. "ಇವತ್ತು ಆ ಗುಂಡನ್ನೇ ಬೇಯಿಸಿ ಇಕ್ತೀನಿ, ಮುದ್ದೆ ಜೊತೆ ನುಂಗೋರಂತೆ."

ಬೈಲಪ್ಪ ಗುಂಡನ್ನು ಇನ್ನೂ ಜೋರಾಗಿ ಉಜ್ಜಿದ. ಉತ್ತರ ಕೊಡುವುದಕ್ಕೆ ಅವನಿಗೆ ಹೆದರಿಕೆ. ಅವನಿಗೆ ಹೆಂಡತಿಯೆಂದರೆ ಹೆದರಿಕೆ, ಹಲ್ಲಿಯೆಂದರೆ ಹೆದರಿಕೆ, ಸೀಲು ಹಾಕಿದ ಕಾಗದವೆಂದರೆ ಹೆದರಿಕೆ, ಕಾರಣವಿಲ್ಲದೆ ನಗುವವರೆಂದರೆ ಇನ್ನೂ ಹೆಚ್ಚು ಹೆದರಿಕೆ. ಅವನು ಹೆದರದೆ ನಿಲ್ಲುತ್ತಿದ್ದ ಜಾಗ ಈ ಭೂಮಿಯ ಮೇಲೆ ಒಂದೇ ಒಂದು. ಅದು ಮಧುಗಿರಿ ಊರಾಚೆ, ಪಾವಗಡ ರಸ್ತೆಯ ಪಕ್ಕದಲ್ಲಿದ್ದ ಮರುಳಸಿದ್ದಯ್ಯನವರ ಕಡಲೆಕಾಯಿ ಎಣ್ಣೆ ಮಿಲ್ಲಿನ ದೊಡ್ಡ ಟ್ಯಾಂಕಿನ ನೆತ್ತಿ.

ದಿನಾ ಬೆಳಗ್ಗೆ ಕಬ್ಬಿಣದ ಏಣಿ ಹತ್ತಿ, ಮುಚ್ಚಳ ತೆಗೆದು, ಗುಂಡು ತಳ ಮುಟ್ಟುವ ತನಕ ಟೇಪು ಇಳಿಬಿಟ್ಟು, ಮತ್ತೆ ಮೇಲೆಳೆದು, ಟೇಪಿಗೆ ಎಣ್ಣೆ ಎಲ್ಲಿಯವರೆಗೆ ಅಂಟಿದೆಯೋ ನೋಡಿಕೊಂಡು, ಎಡಗೈಯನ್ನು ಕಿವಿಗಿಟ್ಟು, "ಒಂಬತ್ತಡೀ!" ಎಂದು ಕೆಳಗಿನ ಆಫೀಸಿಗೆ ಕೂಗಿ ಹೇಳುವುದು ಅವನ ಕೆಲಸ. ಆಫೀಸಿಗೆ ಕೇಳಲು ಅಷ್ಟು ಗಟ್ಟಿಯಾಗಿ ಕೂಗಬೇಕಾದ್ದಿರಲಿಲ್ಲ. ಆದರೂ ಅವನ ಕೂಗು ಮಿಲ್ಲು ದಾಟಿ, ಮಿಡಿಗೇಶಿ ಬಸ್ಸು ನಿಲ್ಲುವ ಹುಣಸೆಮರ ದಾಟಿ, ಎದುರಿನ ಬೆಟ್ಟದ ಬೋಳುಬಂಡೆಗೆ ಬಡಿದು "...ತ್ತಡೀ" ಎಂದು ವಾಪಸ್ಸು ಬರುತ್ತಿತ್ತು. ಹೇಳಿದ್ದನ್ನು ಅಷ್ಟು ದೊಡ್ಡ ಬೆಟ್ಟವೇ ಒಪ್ಪಿಕೊಂಡ ಮೇಲೆ ಬೈಲಪ್ಪ ಎದೆಯುಬ್ಬಿಸಿ ಇಳಿಯುತ್ತಿದ್ದ. ಊರಿನಲ್ಲಿ ಅವನಿಗೆ ಟೇಪು ಬೈಲಪ್ಪ ಎಂದೇ ಹೆಸರು.

ಗುಂಡು ಇನ್ನೇನು ಕನ್ನಡಿಯಾಗಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಜುಂಜಮ್ಮ ಮೇಕೆಗಳನ್ನು ಹೊಡೆದುಕೊಂಡು ಬಂದಳು.

"ಲೇ ಬೈಲಪ್ಪ, ನಿಮ್ ಮಿಲ್ಲಿಗೆ ಒಂದು ಪೆಟ್ಗೆ ಬಂದೈತೆ ಕಣ್ಲಾ. ನಾಕು ಆಳು ಹೊತ್ಕೊಂಡು ಇಳಿಸ್ತಾವ್ರೆ. ಏನಪ್ಪಾ ಅಂದ್ರೆ ರೇಡಾರು ಅಂತೆ."

"ರೇಡಾರಾ?" ಬೈಲಪ್ಪನ ಕೈಯಿಂದ ಗುಂಡು ಜಾರಿ ಬೂದಿಗೆ ಬಿತ್ತು. "ಯುದ್ಧದಾಗೆ ಇಮಾನ ಹಿಡಿಯೋದಾ?"

"ಇನ್ಯಾವ್ದು? ಮೋಡದೊಳಗಿರೋ ಇಮಾನನೇ ಕಾಣ್ತೈತಂತೆ ಅದಕ್ಕೆ. ನಮ್ಮ ಹಟ್ಟಿ, ನಮ್ಮ ಮಡಕೆ, ನಮ್ಮ ಹೊಟ್ಟೆವೊಳಗಿನ ಮುದ್ದೆ, ಇವೆಲ್ಲ ಅದಕ್ಕೆ ಯಾವ ಲೆಕ್ಕ?" ಎಂದು ಹೇಳಿ ಜುಂಜಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಮಿಲ್ಲಿಗೆ ಹೋಗಿ ನೋಡಿದರೆ ಮಾಲೀಕ ಮರುಳಸಿದ್ದಯ್ಯನವರು ಮದುವೆ ಗಂಡಿನ ಹಾಗೆ ಓಡಾಡುತ್ತಿದ್ದರು. ಬೆಂಗಳೂರಿನ ಒಂದು ಕಂಪನಿ ಪರದೇಶದಿಂದ ಈ ಮಿಷನ್ನು ತರಿಸಿತ್ತು. ಬಿಸಿಲು, ಧೂಳು, ಎಣ್ಣೆ ಜಿಡ್ಡು ಮೂರೂ ಇರುವ ಕಡೆ ಅದು ಹೇಗೆ ನಡೆಯುತ್ತದೆಂದು ನೋಡಬೇಕಾಗಿತ್ತು. ಮೂರೂ ಧಾರಾಳವಾಗಿದ್ದ ಜಾಗ ನಮ್ಮದೇ. ಕಾಸಿಲ್ಲದೆ ಬರುತ್ತದೆಂದು ಮರುಳಸಿದ್ದಯ್ಯನವರು ಒಪ್ಪಿದರು. ಎಣ್ಣೆಗೇ ಹೆಸರಾದ ಚಳ್ಳಕೆರೆಯ ಯಾವ ಮಿಲ್ಲಿನಲ್ಲೂ ಇಲ್ಲದ್ದು ತಮ್ಮಲ್ಲಿರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಮಿಷನ್ನಿನ ಜೊತೆ ಬಂದಿದ್ದ ಎಂಜಿನಿಯರ್ ಚಿಕ್ಕರಂಗಯ್ಯನಿಗೆ ಮೂವತ್ತರ ಒಳಗಿನ ವಯಸ್ಸು, ಮಣಿಕಟ್ಟಿನ ತನಕ ಗುಂಡಿ ಹಾಕಿದ ಪೂರ್ತಿ ತೋಳಿನ ಅಂಗಿ. ಟ್ಯಾಂಕಿನ ನೆತ್ತಿಯಲ್ಲಿ, ಟೇಪು ಇಳಿಸುವ ಮುಚ್ಚಳದ ಪಕ್ಕದಲ್ಲೇ ತೂತು ಕೊರೆಸಿ, ಕಹಳೆಯಂಥ ಒಂದು ಬಾಯಿಯನ್ನು ಕೆಳಮುಖವಾಗಿ ಕೂರಿಸಿದ. ಅಲ್ಲಿಂದ ತಂತಿ ಎಳೆದು ಆಫೀಸಿನ ಗೋಡೆಗೆ ಒಂದು ಡಬ್ಬಿ ಬಿಗಿದ. ಗುಂಡಿ ಒತ್ತಿದೊಡನೆ ಡಬ್ಬಿಯಲ್ಲಿ ಕೆಂಪಗೆ ಒಂಬತ್ತು ಎಂದು ಹೊಳೆಯಿತು.

"ಟೇಪಿಲ್ಲ, ಗುಂಡಿಲ್ಲ, ಹತ್ತಂಗಿಲ್ಲ, ಇಳಿಯಂಗಿಲ್ಲ!" ಎಂದು ಮರುಳಸಿದ್ದಯ್ಯನವರು ಚಪ್ಪಾಳೆ ತಟ್ಟಿದರು. ಅವರಿಗೆ ಗೊತ್ತಿಲ್ಲದೆಯೇ ಆ ಚಪ್ಪಾಳೆಯ ಒಂದೊಂದು ಏಟೂ ಬೈಲಪ್ಪನ ಬೆನ್ನಿಗೆ ಬಿತ್ತು.

ಬೈಲಪ್ಪ ಧೈರ್ಯ ಮಾಡಿ ಕೇಳಿದ. "ಸಾರ್, ಅದು ಒಳಗಿದ್ದದ್ದನ್ನ ಹೆಂಗೆ ನೋಡ್ತದೆ?"

"ನೋಡೋದಿಲ್ಲಪ್ಪ, ಕೂಗುತ್ತೆ," ಎಂದ ಚಿಕ್ಕರಂಗಯ್ಯ. "ಬೆಳಗ್ಗೆ ನೀನು ಕೂಗಿದಾಗ ಬೆಟ್ಟ ತಿರುಗಿ ಕೂಗಿತಲ್ಲ, ಹಾಗೇ. ಬೆಟ್ಟ ಹತ್ತಿರ ಇದ್ದರೆ ಕೂಗು ಬೇಗ ಬರುತ್ತೆ, ದೂರ ಇದ್ದರೆ ತಡ. ಇದು ಮೇಲಿಂದ ಒಂದು ಕೂಗು ಹಾಕುತ್ತೆ, ನಮ್ಮ ಕಿವಿಗೆ ಕೇಳದಂಥಾದ್ದು. ಎಣ್ಣೆಗೆ ಬಡಿದು ಅದು ವಾಪಸ್ಸು ಬರುತ್ತೆ. ಬರೋಕೆ ಎಷ್ಟು ಹೊತ್ತಾಯ್ತು ಅನ್ನೋದರಿಂದ ಮುಚ್ಚಳದಿಂದ ಎಣ್ಣೆಗೆ ಎಷ್ಟು ದೂರ ಅಂತ ತಿಳಿಯುತ್ತೆ. ಟ್ಯಾಂಕಿನ ಎತ್ತರದಲ್ಲಿ ಅಷ್ಟು ಕಳೆದರೆ ಉಳಿದದ್ದು ಎಣ್ಣೆ. ಇಷ್ಟೇ."

ಇಷ್ಟೇ ಎಂದು ಅವನು ಹೇಳಿದ್ದು ಬೈಲಪ್ಪನಿಗೆ ಅಷ್ಟೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ ಮಾತು: ತನ್ನ ಹಾಗೆ ಕೂಗುವ ಇನ್ನೊಬ್ಬ ಬಂದ.

ಹೊರಡುವಾಗ ಚಿಕ್ಕರಂಗಯ್ಯ ಸ್ಟಾಂಪು ಅಂಟಿಸಿ ವಿಳಾಸ ಬರೆದಿದ್ದ ಒಂದು ಲಕೋಟೆಯನ್ನು ಬೈಲಪ್ಪನ ಕೈಗೆ ಕೊಟ್ಟ. "ದಿನಾ ಟೇಪು ಹಾಕಿ ಮಿಷನ್ನಿನ ಅಂಕಿ ಜೊತೆ ತಾಳೆ ನೋಡು. ಒಂದು ವಾರ ಆದ ಮೇಲೆ ಎರಡೂ ಒಂದೇ ಆಗ್ತವೋ ಇಲ್ಲವೋ ಅಂತ ನಾಲ್ಕು ಸಾಲು ಬರೆದು ಪೋಸ್ಟಿಗೆ ಹಾಕು. ನೀನೇ ಬರೀಬೇಕು, ಮರೀಬೇಡ."

ಒಂದೇ ಎಂದು ಬರೆದರೆ ತನಗಿನ್ನು ಕೆಲಸವಿಲ್ಲ. ಬೇರೆ ಬೇರೆ ಎಂದು ಬರೆದರೆ ಸುಳ್ಳುಗಾರ. ತಾನೇ ಸಹಿ ಹಾಕಿ ತನ್ನನ್ನೇ ಮನೆಗೆ ಕಳಿಸುವ ಕಾಗದವನ್ನು ತನ್ನಿಂದಲೇ ಬರೆಸುವ ಉಪಾಯವಿದು ಎಂದು ಬೈಲಪ್ಪ ತೀರ್ಮಾನಿಸಿದ. ಲಕೋಟೆಯನ್ನು ತಂದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ. ಅದು ಅಲ್ಲೇ ಉಳಿಯಿತು.

ಇತ್ತ ಕೇರಿಯಲ್ಲಿ ಭಯ ಬೇರೆಯದೇ ದಾರಿ ಹಿಡಿದಿತ್ತು. ಜುಂಜಮ್ಮನ ಮೇಕೆಯೊಂದು ಮೇವು ಬಿಟ್ಟಿತು. ಟ್ಯಾಂಕಿನ ಕಣ್ಣು ಬಿದ್ದಿದೆ ಎಂದಾಯಿತು. ಹೆಂಗಸರು ನೀರಿನ ಕೊಡಕ್ಕೆ ಬಟ್ಟೆ ಮುಚ್ಚಿಕೊಂಡು ಹೋಗತೊಡಗಿದರು. ಮಿಲ್ಲಿನ ಮುಂದೆ ಹಾಯುವಾಗ ಗಂಡಸರೂ ಒಂದು ಕೈಯಿಂದ ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದರು. ಒಳಗಿನ ಮುದ್ದೆ ಕಂಡರೆ ನಾಚಿಕೆಯಲ್ಲವೇ?

ಕೊನೆಗೆ ಗೌರಕ್ಕ ಬಲಸಮುದ್ರದಿಂದ ತನ್ನ ತಾಯಿ ಪೆದ್ದಮ್ಮನನ್ನು ಕರೆಸಿದಳು. ಪೆದ್ದಮ್ಮ ಪಾವಗಡದ ಬಸ್ಸಿನಿಂದ ಇಳಿದವಳೇ ಅಳಿಯನ ಕಣ್ಣಿನ ರೆಪ್ಪೆ ಎತ್ತಿ ನೋಡಿ, ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದಳು.

"ಏಮಯ್ಯಾ ಅಲ್ಲುಡು, ಮೈಯಾಗೆ ರಕ್ತನೇ ಇಲ್ಲವೇ! ದಿನಾ ಆ ಕಣ್ಣಿನ ಪಕ್ಕದಾಗೆ ಕೂತ್ರೆ ಇನ್ನೇಮಾಗ್ತೈತಿ?"

"ಅತ್ತೆ, ಅದಕ್ಕೆ ಕಣ್ಣಿಲ್ಲವಂತೆ, ಬಾಯಂತೆ."

"ಬಾಯಿ ಅಂದ್ರೆ ಇನ್ನೂ ಕೆಟ್ಟದ್ದು!" ಎಂದು ಪೆದ್ದಮ್ಮ ಚೀಲದಿಂದ ಕೆಂಪು ಬಟ್ಟೆಯ ಗಂಟು ತೆಗೆದಳು. ಅದರಲ್ಲಿ ಜೋಳದ ರೊಟ್ಟಿಯಷ್ಟು ಅಗಲದ, ಚೌಕನೆಯ ತಾಮ್ರದ ತಗಡಿತ್ತು. ಮನೆ ಬಾಗಿಲಿಗೆ ಕೆಟ್ಟದೃಷ್ಟಿ ತಾಕದಿರಲೆಂದು ಕಟ್ಟುವಂಥದ್ದು. ಅದರ ತುಂಬ ಕೊರೆದ ಬೀಜಾಕ್ಷರ. "ನಮ್ಮತ್ತೆ ಕಾಲದ್ದು ಇದು. ಬಾಗಿಲಿಗೆ ಕಟ್ಟಿದ್ರೆ ಏಮೂ ಲಾಭವಿಲ್ಲ. ಆ ಬಾಯಿ ಎಲ್ಲಿ ತೆರೆದೈತೋ ಅದರ ಕೆಳಗೇ ಕಟ್ಟಬೇಕು. ಬರೆದದ್ದು ಅದರ ಕಡೆ ಇರಬೇಕು. ಮೇಲಿಂದ ನೋಡಿದ ತಕ್ಷಣ ಇದೇ ಮೊದಲು ಎದುರಾಗ್ಬೇಕು. ವಾಲಬಾರದು, ಗೊತ್ತಾಯ್ತಾ? ತಕ್ಕಡಿ ತಟ್ಟೆ ತೂಗು ಹಾಕ್ತಾರಲ್ಲ, ಅಂಗೆ."

ಬೇರೆ ಯಾರಾದರೂ ಹೇಳಿದ್ದರೆ ಬೈಲಪ್ಪ ಬೇಡವೆನ್ನುತ್ತಿದ್ದನೋ ಏನೋ. ಅತ್ತೆ ಮತ್ತು ಹೆಂಡತಿ ಒಂದೇ ಬಾಗಿಲಲ್ಲಿ ಒಟ್ಟಿಗೆ ನಿಂತಾಗ ಬೇಡವೆನ್ನುವ ಶಕ್ತಿ ಅವನ ವಂಶದಲ್ಲೇ ಇರಲಿಲ್ಲ.

ಮಾರನೆಯ ದಿನ ಮಿಲ್ಲಿನವರೆಲ್ಲ ಊಟಕ್ಕೆ ಹೋದಾಗ, ತಗಡನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಬೈಲಪ್ಪ ಟ್ಯಾಂಕು ಹತ್ತಿದ. ಬಿಸಿಲಿಗೆ ಏಣಿ ಕಾದು ಅಂಗೈ ಸುಡುತ್ತಿತ್ತು. ಮುಚ್ಚಳ ತೆಗೆದು ತಲೆ ಒಳಗೆ ಹಾಕಿದರೆ ಕತ್ತಲು, ಕಮಟು ವಾಸನೆ, ಕೆಳಗೆಲ್ಲೋ ಎಣ್ಣೆಯ ಮಿಣುಕು. ಪಕ್ಕದಲ್ಲೇ ಕಹಳೆ ಬಾಯಿ ತೆರೆದುಕೊಂಡು ಸುಮ್ಮನಿತ್ತು. ಅದು ಈಗ ಕೂಗುತ್ತಿದೆಯೋ, ತನ್ನ ಕಿವಿಗೇ ಬಾಯಿಟ್ಟು ಕೂಗುತ್ತಿದೆಯೋ, ಯಾರಿಗೆ ಗೊತ್ತು! "ತಪ್ಪು ತಿಳ್ಕೋಬ್ಯಾಡಪ್ಪ, ನಂದೇನಿಲ್ಲ, ನಮ್ಮತ್ತೆ ಹೇಳವ್ಳೆ," ಎಂದು ಅದಕ್ಕೊಂದು ಮಾತು ಹೇಳಿ, ನಾಲ್ಕು ಮೂಲೆಗೆ ನಾಲ್ಕು ತಂತಿ ಬಿಗಿದು, ಕಹಳೆಯ ನೇರ ಕೆಳಗೆ, ಒಂದು ಮಾರು ದೂರದಲ್ಲಿ ತಗಡನ್ನು ತೂಗು ಹಾಕಿದ. ಒಂದಿಷ್ಟೂ ವಾಲಲಿಲ್ಲ. ಜೀವಮಾನದಲ್ಲಿ ಅವನು ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಅವನು ಇಳಿದು ಬರುವ ಹೊತ್ತಿಗೆ ಆಫೀಸಿನ ಡಬ್ಬಿ ಹನ್ನೊಂದು ಎಂದು ತೋರಿಸುತ್ತಿತ್ತು.

ಊಟ ಮಾಡಿ ಬಂದ ಮರುಳಸಿದ್ದಯ್ಯನವರು ಕನ್ನಡಕ ಒರೆಸಿಕೊಂಡು ನೋಡಿದರು. ತೆಗೆದು ನೋಡಿದರು. "ಲೇ ಬೈಲ! ಎರಡಡಿ ಎಣ್ಣೆ ಹೆಚ್ಚಿಗೆ ಬಂದೈತಲ್ಲೋ! ಬೆಳಗ್ಗೆ ಒಂಬತ್ತು ಅಂತ ಕೂಗಿದ್ದಲ್ಲ?"

ಬೈಲಪ್ಪ ಏಣಿಯ ಕಡೆ ಓಡಿದ. ಮತ್ತೆ ಹತ್ತಿ ಟೇಪು ಹಾಕಿದ. ಒಂಬತ್ತೇ. ಕೂಗಿದ.

"ಆ ಟೇಪು ಎಳೆದೂ ಎಳೆದೂ ಸಡಿಲ ಆಗೈತೆ ಕಣೋ," ಎಂದು ಮರುಳಸಿದ್ದಯ್ಯನವರು ಕೆಳಗಿನಿಂದ ಗದರಿದರು. "ಪರದೇಶದ ಮಿಷನ್ನು ಸುಳ್ಳು ಹೇಳ್ತದಾ? ನಾಳೆಯಿಂದ ಇಲ್ಲಿ ನೋಡ್ಕೊಂಡು ಹೋಗಿ, ಇದು ಹೇಳಿದ್ದನ್ನೇ ಮೇಲೆ ನಿಂತು ಕೂಗು. ಗಟ್ಟಿಯಾಗಿ ಕೂಗು. ದಾರೀಲಿ ಹೋಗೋ ಚಳ್ಳಕೆರೆಯೋರಿಗೂ ಕೇಳಲಿ."

ಕೂಗುವ ಕೆಲಸವಾದರೂ ಉಳಿಯಿತಲ್ಲ ಎಂದು ಬೈಲಪ್ಪ ಒಪ್ಪಿಕೊಂಡ. ಮನಸ್ಸಿನೊಳಗೆ ಮಾತ್ರ ಕುದಿಯುತ್ತಿತ್ತು. ತಗಡು ಕಟ್ಟಿದ ಗಳಿಗೆಯಲ್ಲೇ ಎರಡಡಿ ಎಣ್ಣೆ ಹುಟ್ಟಿತೆಂದರೆ ಅದು ಯಾವ ದೇವರು ಕೊಟ್ಟದ್ದು? ಕೊಟ್ಟ ದೇವರು ಒಂದು ದಿನ ವಾಪಸ್ಸು ಕೇಳಿದರೆ? ತಗಡು ಬಿಚ್ಚಿದರೆ ಎಣ್ಣೆ ಮಾಯವಾದೀತು, ಆಗ ಕದ್ದವನು ಬೈಲಪ್ಪ ಎಂದಾಗುತ್ತದೆ. ಬಿಚ್ಚದಿದ್ದರೆ ಇನ್ನೂ ಏನೇನು ಹುಟ್ಟೀತೋ. ಆದ್ದರಿಂದ ಅವನು ತನಗೆ ಚೆನ್ನಾಗಿ ಬರುತ್ತಿದ್ದ ಕೆಲಸವನ್ನೇ ಮಾಡಿದ. ಏನೂ ಮಾಡದೆ ಹೆದರಿಕೊಂಡು ಕೂತ.

ಮಾರನೆಯ ಬೆಳಗ್ಗೆ "ಹನ್ನೊಂದಡೀ!" ಎಂದು ಕೂಗಿದ. ಬೆಟ್ಟ ಒಪ್ಪಿಕೊಂಡಿತು. ಬೆಟ್ಟಕ್ಕೇನು, ಯಾವುದನ್ನು ಹೇಳಿದರೂ ಒಪ್ಪುತ್ತದೆ ಎಂಬುದು ಅವನಿಗೆ ಅವತ್ತು ಮೊದಲ ಸಲ ಹೊಳೆದು ಒಂದು ಥರಾ ಸಂಕಟವಾಯಿತು.

ಅದು ಎಂಬತ್ತೇಳನೇ ಇಸವಿ. ಎಣ್ಣೆಯ ಬೆಲೆ ಏಣಿ ಹಾಕಿಕೊಂಡು ಮೇಲೆ ಹೋಗಿತ್ತು. ಮಿಲ್ಲಿನವರು ಇಂತಿಷ್ಟಕ್ಕಿಂತ ಹೆಚ್ಚು ಎಣ್ಣೆ ಕೂಡಿಡಕೂಡದು, ಕೂಡಿಟ್ಟರೆ ಜೈಲು ಎಂದು ಅಪ್ಪಣೆಯಾಯಿತು. ಮರುಳಸಿದ್ದಯ್ಯನವರ ಟ್ಯಾಂಕಿಗೆ ಅದು ನಾಲ್ಕಡಿಯ ಲೆಕ್ಕ. ಅವರು ಬೆಚ್ಚಿಬಿದ್ದು ಲಾರಿ ಕರೆಸಿ ಎಣ್ಣೆ ಕಳಿಸಿದರು. ಡಬ್ಬಿ ನೋಡಿದರು. ಹನ್ನೊಂದು. ಮತ್ತೊಂದು ಲಾರಿ ಕಳಿಸಿದರು. ಹನ್ನೊಂದು. ಶಿರಾದಿಂದ, ಕೊರಟಗೆರೆಯಿಂದ ಖಾಲಿ ಟ್ಯಾಂಕರು ಹುಡುಕಿಸಿ ತರಿಸಿ ತುಂಬಿ ಕಳಿಸಿದರು. ಹನ್ನೊಂದೇ.

"ಇಳಿಯವಲ್ದಲ್ಲೋ ಬೈಲ," ಎಂದರು, ಕಿವಿಯ ಹತ್ತಿರ ಬಂದು, ಪಿಸುದನಿಯಲ್ಲಿ. "ಮೊದಮೊದಲು ಸಂತೋಷ ಆಗಿತ್ತು. ಈಗ ಡಬ್ಬಿ ನೋಡಿದ್ರೆ ಎದೆ ಹೊಡ್ಕೊಳ್ತದೆ. ಏನೋ ಇದು? ಯಾವ ಪಾಪಕ್ಕೆ ಇಷ್ಟು ಕೊಡ್ತಾ ಅವ್ನೆ ಭಗವಂತ?"

ಬೈಲಪ್ಪ ಬಾಯಿ ತೆರೆದ. ತಗಡಿನ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲಿಂದ ಇಣುಕಿ ಮರುಳಸಿದ್ದಯ್ಯನವರ ಮುಖ ನೋಡಿ ವಾಪಸ್ಸು ಹೋಯಿತು.

ಇಷ್ಟಾದರೂ ಬೆಳಗ್ಗೆ ಬೆಳಗ್ಗೆ ಹನ್ನೊಂದಡಿ ಎಂದು ಕೂಗುವುದನ್ನು ನಿಲ್ಲಿಸು ಎಂದು ಹೇಳಲು ಮರುಳಸಿದ್ದಯ್ಯನವರಿಗೆ ನೆನಪಾಗಲಿಲ್ಲ. ಹೇಳದೆ ನಿಲ್ಲಿಸಲು ಬೈಲಪ್ಪನಿಗೆ ಧೈರ್ಯ ಬರಲಿಲ್ಲ. ಅವರಿಗೆ ನೆನಪಾದದ್ದು ಒಂದು ಸೋಮವಾರ. ಆಫೀಸಿನಿಂದ ಪಂಚೆ ಎತ್ತಿಕಟ್ಟಿ ಓಡಿ ಬಂದು, "ಮುಚ್ಚೋ ಬಾಯಿ, ಮುಚ್ಚೋ!" ಎಂದು ಕೆಳಗಿನಿಂದ ಎರಡೂ ಕೈ ಬೀಸಿದರು. ಬೈಲಪ್ಪ ಅದನ್ನು ಇನ್ನೂ ಗಟ್ಟಿಯಾಗಿ ಎಂದು ಅರ್ಥ ಮಾಡಿಕೊಂಡ.

"ಹನ್ನೊಂದಡೀಈಈ!"

ಅದೇ ಹೊತ್ತಿಗೆ ಹುಣಸೆಮರದ ಕೆಳಗೆ ಮಿಡಿಗೇಶಿ ಬಸ್ಸು ನಿಂತಿತ್ತು. ಅದರಿಂದ ಆಹಾರ ಇನ್ಸ್‌ಪೆಕ್ಟರು ಬಗಲಲ್ಲಿ ಫೈಲು ಇಟ್ಟುಕೊಂಡು ಇಳಿಯುತ್ತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡೇ ಅವರು ಕೂಗನ್ನು ಒಮ್ಮೆ ಬೈಲಪ್ಪನಿಂದಲೂ ಇನ್ನೊಮ್ಮೆ ಬೆಟ್ಟದಿಂದಲೂ ಕೇಳಿದರು.

ಇನ್ಸ್‌ಪೆಕ್ಟರು ದಪ್ಪನೆಯ, ಸಮಾಧಾನದ ಮನುಷ್ಯ. ಸಮಾಧಾನವಾಗಿಯೇ ಬಂದು ಡಬ್ಬಿ ನೋಡಿದರು. ಸಮಾಧಾನವಾಗಿಯೇ ಕುರ್ಚಿ ಎಳೆದುಕೊಂಡರು.

"ಹನ್ನೊಂದು."

"ಸ್ವಾಮಿ, ಲಾರಿಗಟ್ಟಲೆ ಕಳಿಸಿದೀನಿ, ಒಳಗೆ ಏನೂ ಇಲ್ಲ," ಎಂದರು ಮರುಳಸಿದ್ದಯ್ಯನವರು. "ಲೇ ಬೈಲ, ಟೇಪು ಹಾಕಿ ಹೇಳೋ!"

ಬೈಲಪ್ಪ ಹತ್ತಿ ಟೇಪು ಹಾಕಿ ಇಳಿದು ಬಂದು ಪಿಸುಗುಟ್ಟಿದ. "ಎರಡಡಿ ಸ್ವಾಮಿ."

"ಈಗ ತಾನೇ ಹನ್ನೊಂದು ಅಂತ ಕೂಗಿದ್ದು ಯಾರು?"

"ನಾನೇ ಸ್ವಾಮಿ."

"ಹಾಗಾದ್ರೆ ಯಾವುದು ಸುಳ್ಳು?"

ಬೈಲಪ್ಪ ಡಬ್ಬಿ ನೋಡಿದ, ಟೇಪು ನೋಡಿದ, ಮಾಲೀಕರನ್ನು ನೋಡಿದ. ಯಾರಿಗೂ ಬೇಜಾರಾಗದಂತೆ, "ಎರಡೂ ನಿಜ ಸ್ವಾಮಿ," ಎಂದ.

ಗೇಟಿನ ಹತ್ತಿರ ಜನ ಸೇರಿದ್ದರು. ಮುಂದೆಯೇ ಜುಂಜಮ್ಮ. ಇನ್ಸ್‌ಪೆಕ್ಟರು ಅವಳನ್ನು ಕೇಳಿದರು. "ಏನಮ್ಮ, ಇವನು ದಿನಾ ಎಷ್ಟು ಅಂತ ಕೂಗ್ತಾನೆ?"

"ಹನ್ನೊಂದು ಕಣ್ ಸ್ವಾಮಿ," ಎಂದಳು ಜುಂಜಮ್ಮ, ಬೈಲಪ್ಪನಿಗೆ ಒಳ್ಳೆಯದು ಮಾಡುತ್ತಿದ್ದೇನೆಂದುಕೊಂಡು. "ಒಂದು ದಿನಾನೂ ತಪ್ಪಿಸಿಲ್ಲ. ಬಲು ನಿಯತ್ತಿನ ಮನುಷ್ಯ. ಬೇಕಾದ್ರೆ ಬೆಟ್ಟನ ಕೇಳಿ."

ಮರುಳಸಿದ್ದಯ್ಯನವರು ಟ್ಯಾಂಕಿನ ಹೊಟ್ಟೆಗೆ ಕೋಲಿನಿಂದ ಬಡಿದು ತೋರಿಸಿದರು. ಟೊಳ್ಳು ಸದ್ದು ಬಂತು. ಇನ್ಸ್‌ಪೆಕ್ಟರು ತಲೆಯಾಡಿಸಿದರು. "ಎರಡು ಗೋಡೆ ಮಾಡ್ಸಿದೀರಿ. ಒಳಗೊಂದು ಟ್ಯಾಂಕು, ಹೊರಗೊಂದು. ಟೇಪು ಇಳಿಯೋ ಕಡೆ ಎರಡಡಿ, ಮಿಕ್ಕ ಕಡೆ ಹನ್ನೊಂದು. ಮನುಷ್ಯರಿಗೆ ಕಾಣದ್ದು ಆ ಮಿಷನ್ನಿಗೆ ಕಂಡಿದೆ, ಅಷ್ಟೇ."

"ಮೇಲೆ ಹತ್ತಿ ನೀವೇ ನೋಡಿ ಸ್ವಾಮಿ!"

ಇನ್ಸ್‌ಪೆಕ್ಟರು ಏಣಿಯನ್ನು ಬುಡದಿಂದ ತುದಿಯ ತನಕ ನೋಡಿ, ತಮ್ಮ ಹೊಟ್ಟೆಯನ್ನೂ ನೋಡಿಕೊಂಡು, ಸರ್ಕಾರಿ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದರು. ಟ್ಯಾಂಕಿನ ಕೊಳಾಯಿಗೆ ಅರಗಿನ ಸೀಲು ಬಿತ್ತು. ಏಣಿಯ ಬುಡಕ್ಕೆ ಒಬ್ಬ ಕಾನ್‌ಸ್ಟೇಬಲ್ಲು ಬಂದು ಕೂತ. ಮಿಷನ್ನು ಕೂರಿಸಿದವನನ್ನು ನಾಳೆಯೊಳಗೆ ಕರೆಸಿ ಲೆಕ್ಕ ಒಪ್ಪಿಸಬೇಕು, ತಪ್ಪಿದರೆ ಕೂಡಿಟ್ಟ ಮಾಲೀಕ ಮತ್ತು ಸುಳ್ಳು ಅಳತೆ ಕೂಗಿದ ಆಳು ಇಬ್ಬರೂ ಠಾಣೆಗೆ, ಎಂದು ಹೇಳಿ ಇನ್ಸ್‌ಪೆಕ್ಟರು ಕಾಫಿ ಕುಡಿದರು.

ಮರುಳಸಿದ್ದಯ್ಯನವರು ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಲು ಪೋಸ್ಟಾಫೀಸಿಗೆ ಓಡಿದರು. ಬೈಲಪ್ಪ ಏಣಿಯ ಸುತ್ತ ಸುತ್ತಿದ. ಹೇಗಾದರೂ ಮೇಲೆ ಹೋಗಿ ತಗಡು ಬಿಚ್ಚಿಬಿಟ್ಟರೆ! "ಅಣ್ಣ, ಮೇಲೆ ನನ್ನ ಟವಲ್ಲು ಮರೆತು ಬಂದಿದ್ದೀನಿ," ಎಂದ.

"ಹೆಗಲ ಮೇಲೆ ಏನಿದೆ?" ಎಂದ ಕಾನ್‌ಸ್ಟೇಬಲ್ಲು.

ಬೈಲಪ್ಪ ಹೆಗಲು ಮುಟ್ಟಿ ನೋಡಿಕೊಂಡ. ಟವಲ್ಲು ಇತ್ತು. ಅದೂ ಅವನ ಪಕ್ಷ ಬಿಟ್ಟಿತ್ತು.

ಮನೆಯಲ್ಲಿ ಗೌರಕ್ಕ ಒಲೆ ಹಚ್ಚಿರಲಿಲ್ಲ. "ಠಾಣೇಲಿ ಹೊಡೀತಾರೇನ್ರೀ?" ಎಂದಷ್ಟೇ ಕೇಳಿದಳು. ಹುಣಸೆಹಣ್ಣಿಗಾಗಿ ದಿನಾ ಕೂಗಾಡುವವಳು ಅಷ್ಟು ಮೆತ್ತಗೆ ಕೇಳಿದ್ದು ಬೈಲಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಾರನೆಯ ದಿನ ಚಿಕ್ಕರಂಗಯ್ಯ ಮೊದಲ ಬಸ್ಸಿಗೇ ಬಂದಿಳಿದ. ಡಬ್ಬಿಯನ್ನು ನೋಡಿದ, ಅದರ ಬೆನ್ನು ಬಿಚ್ಚಿ ನೋಡಿದ. ಹುಬ್ಬು ಗಂಟಿಕ್ಕಿ, "ಏನೋ ಒಂದು ಕದಲದೆ ನಿಂತು ಓಗೊಡ್ತಾ ಇದೆ," ಎಂದುಕೊಂಡು ಏಣಿ ಹತ್ತಿದ. ಅಳತೆಯವನೂ ಜೊತೆಗೆ ಬರಲಿ ಎಂದ. ಬೈಲಪ್ಪನ ಕಾಲು ಒಂದೊಂದು ಮೆಟ್ಟಿಲಿನಲ್ಲೂ ನಿಂತು ನಿಂತು ಹತ್ತಿತು. ಇನ್ಸ್‌ಪೆಕ್ಟರು ಆಫೀಸಿನಲ್ಲಿ ಡಬ್ಬಿಯ ಕಾವಲಿಗೆ ಕೂತರು. ಕೆಳಗೆ ಮರುಳಸಿದ್ದಯ್ಯನವರು, ಕಾನ್‌ಸ್ಟೇಬಲ್ಲು, ಗೇಟಿನ ತುಂಬ ಜನ, ಎಲ್ಲರೂ ಕತ್ತೆತ್ತಿ ನಿಂತಿದ್ದರು.

ಚಿಕ್ಕರಂಗಯ್ಯ ಮುಚ್ಚಳ ತೆಗೆದು ಟಾರ್ಚು ಬಿಟ್ಟ. ಬಹಳ ಹೊತ್ತು ತಲೆ ಹೊರಗೆ ತೆಗೆಯಲಿಲ್ಲ. ಹೊರಗೆ ತೆಗೆದಾಗ ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ಯಾರು ಕಟ್ಟಿದ್ದು?"

ಬೈಲಪ್ಪ ಮಂಡಿಯೂರಿ ಕೂತುಬಿಟ್ಟ. "ನಾನೇ ಸಾರ್. ಅದು ನನ್ನ ಕೆಲಸ ತಿಂದ್ಬುಡ್ತದೆ ಅಂತ ಹೆದರ್ಕೊಂಡೆ. ಅದರ ದೃಷ್ಟಿ ತಾಕದಿರ್ಲಿ ಅಂತ ನಮ್ಮತ್ತೆ ಕೊಟ್ರು. ಠಾಣೆಗೆ ಬ್ಯಾಡ ಸಾರ್, ಬೇಕಾದ್ರೆ ಇಲ್ಲಿಂದಲೇ ತಳ್ಬುಡಿ."

"ಮೆತ್ತಗೆ ಮಾತಾಡು, ಕೆಳಗೆ ಕೇಳುತ್ತೆ." ಚಿಕ್ಕರಂಗಯ್ಯ ಅತ್ತ ಇತ್ತ ನೋಡಿ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದ. ರಟ್ಟೆಯಲ್ಲಿ ಕಪ್ಪು ದಾರ, ದಾರಕ್ಕೆ ಬೆಳ್ಳಿಯ ತಾಯತ. "ನಮ್ಮೂರು ಹುಲಿಕುಂಟೆ. ಮಿಷನ್ನಿನ ಕೆಲಸಕ್ಕೆ ಹೋಗ್ತೀನಿ ಅಂದಾಗ ನಮ್ಮವ್ವ ಕ್ಯಾತದೇವರ ಗುಡಿಯಲ್ಲಿ ಕಟ್ಟಿಸಿದ್ದು. ಆಫೀಸಿನಲ್ಲಿ ಯಾರೂ ನೋಡದಿರಲಿ ಅಂತ ಬೇಸಿಗೇಲೂ ಪೂರ್ತಿ ತೋಳಿನ ಅಂಗಿ ಹಾಕ್ತೀನಿ."

ಅವನು ತೋಳನ್ನು ಮತ್ತೆ ಕೆಳಗಿಳಿಸಿ ಗುಂಡಿ ಹಾಕಿಕೊಂಡ.

"ಅಲ್ಲಪ್ಪ, ಕಟ್ಟೋದು ಕಟ್ಟಿದೆ, ಮೂಲೇಲಿ ಕಟ್ಟಬಾರದಿತ್ತಾ?" ಎಂದ ಚಿಕ್ಕರಂಗಯ್ಯ. "ಕೂಗು ಮೊದಲು ಯಾರಿಗೆ ಬಡಿಯುತ್ತೋ ಅವರೇ ಮೊದಲು ಓಗೊಡ್ತಾರೆ. ಎಣ್ಣೆಯದು ಮೆತ್ತನೆ ದನಿ. ತಾಮ್ರದ್ದು ನಿನ್ನಂಥ ಗಂಟಲು. ಮಿಷನ್ನು ಇದನ್ನೇ ಎಣ್ಣೆ ಅಂತ ನಂಬಿ ಕೂತಿದೆ. ಮೇಲಾಗಿ ನೀನು ಎಷ್ಟು ಸಮವಾಗಿ ಕಟ್ಟಿದೀಯ ಅಂದ್ರೆ... ಸ್ವಲ್ಪ ವಾಲಿದ್ರೂ ಆ ಕೂಗು ಪಕ್ಕಕ್ಕೆ ಹೋಗಿಬಿಡ್ತಿತ್ತು ಮಾರಾಯ."

"ವಾಲಬಾರ್ದು ಅಂದಿದ್ರು ಸಾರ್, ನಮ್ಮತ್ತೆ."

"ಕೆಲಸ ಹೋಗುತ್ತೆ ಅಂತ ಹೇಳಿದ್ದು ಯಾರು? ಮಿಷನ್ನು ತಪ್ಪಿದ್ರೆ ಹಿಡಿಯೋಕೆ ಟೇಪು ಬೇಡವಾ? ಅದಕ್ಕೇ ತಾನೇ ನಿನ್ನ ಕೈಗೇ ಲಕೋಟೆ ಕೊಟ್ಟಿದ್ದು! ಎರಡೂ ಬೇರೆ ಬೇರೆ ಅಂತ ಒಂದು ಸಾಲು ಬರೆದಿದ್ರೆ ಮರುದಿನವೇ ಬರ್ತಿದ್ದೆ. ನೀನು ನೋಡಿದರೆ ಅದು ಹೇಳಿದ್ದನ್ನೇ ಕೂಗಿದೀಯ."

ಚಿಕ್ಕರಂಗಯ್ಯ ಕೈ ಒಳಗೆ ಹಾಕಿ ತಂತಿ ಕತ್ತರಿಸಿ, ತಗಡನ್ನು ಮೇಲೆಳೆದು, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಸೇರಿಸಿದ.

ಅದೇ ಕ್ಷಣ ಕೆಳಗೆ ಹಾಹಾಕಾರವೆದ್ದಿತು. ಡಬ್ಬಿಯ ಮುಂದೆ ಕಣ್ಣು ಮಿಟುಕಿಸದೆ ಕೂತಿದ್ದ ಇನ್ಸ್‌ಪೆಕ್ಟರ ಎದುರಿಗೇ ಹನ್ನೊಂದು ಹೋಗಿ ಎರಡಾಗಿತ್ತು.

"ಒಂಬತ್ತಡಿ ಎಣ್ಣೆ!" ಎಂದು ಜುಂಜಮ್ಮ ಗೇಟಿನಿಂದ ಕಿರುಚಿದಳು. "ಅಯ್ಯಯ್ಯೋ, ಸಾಹೇಬ್ರು ಕುಂತಿದ್ದಂಗೇ ಒಂಬತ್ತಡಿ ಎಣ್ಣೆ ಹೊಂಟೋಯ್ತಲ್ಲಪ್ಪೋ!"

ಇನ್ಸ್‌ಪೆಕ್ಟರ ಸಮಾಧಾನ ಅಲ್ಲಿಗೆ ಮುಗಿಯಿತು. ಅವರು ಎದ್ದು ನಿಂತರು. ಕೊಳಾಯಿಗೆ ಅವರದೇ ಸೀಲು, ಏಣಿಗೆ ಅವರದೇ ಕಾನ್‌ಸ್ಟೇಬಲ್ಲು. ಹನ್ನೊಂದಡಿ ಇದೆಯೆಂದು ನಿನ್ನೆ ಮೇಲಿನವರಿಗೆ ತಿಳಿಸಿದ್ದೂ ಅವರೇ. ಈಗ ಎಣ್ಣೆ ಎಲ್ಲಿ ಎಂದು ಮೇಲಿನವರು ಕೇಳುವುದು ಯಾರನ್ನು? ಬೆವರು ಅವರ ಕಾಲರಿನೊಳಗೆ ಇಳಿಯಿತು. ಸರ್ಕಾರಿ ನಿಯಮ ಮರೆತು ಅವರು ಏಣಿಯ ಅರ್ಧದ ತನಕ ಹತ್ತಿಬಿಟ್ಟರು.

"ರೀ ಎಂಜಿನಿಯರೇ! ಎಣ್ಣೆ ಎಲ್ಲಿ ಹೋಯ್ತು ರೀ?"

"ಇರಲೇ ಇಲ್ಲ ಸಾರ್," ಎಂದ ಚಿಕ್ಕರಂಗಯ್ಯ ಮೇಲಿನಿಂದ. "ಒಳಗೊಂದು ತಗಡು ಅಡ್ಡ ಇತ್ತು. ತೆಗೆದೆ. ಇರೋದು ಎರಡಡಿನೇ."

"ಇರಲೇ ಇಲ್ಲ ಅಂತ ಬರೆದು ಕೊಡಿ! ಮೊದಲಿನಿಂದಲೂ ಇರಲಿಲ್ಲ ಅಂತ ಬರೆದು ಕೊಡಿ!" ಇನ್ಸ್‌ಪೆಕ್ಟರು ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. "ಏ ಟೇಪು, ನೀನು ಹೇಳಪ್ಪ, ಎಷ್ಟಿದೆ? ಗಟ್ಟಿಯಾಗಿ ಕೂಗು, ಊರಿಗೆಲ್ಲ ಕೇಳೋ ಹಾಗೆ ಕೂಗು!"

ಬೈಲಪ್ಪ ಎದ್ದು ಟೇಪು ಇಳಿಬಿಟ್ಟ. ಗುಂಡು ತಳ ಮುಟ್ಟಿತು. ಎಳೆದು ನೋಡಿದ. ಎಡಗೈ ಕಿವಿಗೆ ಹೋಯಿತು.

"ಎರಡಡೀ!"

ಬೆಟ್ಟ ಒಪ್ಪಿಕೊಂಡಿತು. ಇನ್ಸ್‌ಪೆಕ್ಟರನ್ನು ಏಣಿಯಿಂದ ಬಿಡಿಸಿ ಇಳಿಸಲು ಮಾತ್ರ ಮೂವರು ಬೇಕಾದರು.

ಅವತ್ತಿನಿಂದ ಮರುಳಸಿದ್ದಯ್ಯನವರಿಗೆ ಟೇಪಿನ ಮೇಲೆ ಎಲ್ಲಿಲ್ಲದ ಗೌರವ. ಮೊದಲು ಟೇಪು, ಆಮೇಲೆ ಡಬ್ಬಿ. ಒಳಗೆ ಯಾವುದಾದರೂ ತಗಡು ಬಿದ್ದಿದೆಯೋ ಎಂದು ದಿನಾ ಇಣುಕಿ ನೋಡುವ ಹೊಸ ಜವಾಬ್ದಾರಿಯನ್ನೂ ಅವರು ಬೈಲಪ್ಪನಿಗೇ ವಹಿಸಿದರು. ಅವನಷ್ಟು ನಂಬಿಕಸ್ತ ಬೇರೆ ಯಾರು ಸಿಕ್ಕಾರು?

ಇಷ್ಟಾದರೂ ಲಕೋಟೆ ಕ್ಯಾಲೆಂಡರಿನ ಹಿಂದೆಯೇ ಇತ್ತು. ಬರೆಯಲು ಕೂತರೆ ಬೈಲಪ್ಪನಿಗೆ ಆ ಕತ್ತಲು, ಆ ಕಹಳೆ ನೆನಪಾಗುತ್ತಿತ್ತು, ಪೆನ್ನು ಮುಚ್ಚಿಡುತ್ತಿದ್ದ. ಕೊನೆಗೆ ಅದನ್ನು ಬರೆಸಿದವಳು ಪೆದ್ದಮ್ಮ. ಮತ್ತೆ ಪಾವಗಡದ ಬಸ್ಸಿನಿಂದ ಇಳಿದು, ನಡುಮನೆಯಲ್ಲಿ ನಿಂತು ಕೇಳಿದಳು. "ನಾ ತಗಡು ಎಕ್ಕಡ? ನಮ್ಮತ್ತೆ ತಗಡು ಎಲ್ಲೈತಿ?"

"ಎಂಜಿನಿಯರು ಬೆಂಗಳೂರಿಗೆ ತಗೊಂಡೋದ್ರು ಅತ್ತೆ."

ಪೆದ್ದಮ್ಮ ಅಳಿಯನನ್ನು ಬಹಳ ಹೊತ್ತು ನೋಡಿದಳು. ಆಗ ಬೈಲಪ್ಪನಿಗೆ ಒಂದು ವಿಷಯ ಸ್ಪಷ್ಟವಾಯಿತು. ಕಹಳೆ, ಇನ್ಸ್‌ಪೆಕ್ಟರು, ಠಾಣೆ, ಎಲ್ಲವೂ ಇದರ ಮುಂದೆ ಸಣ್ಣವು. ಅಲ್ಲೇ ಕೂತು ಬರೆದ:

"ಮಹಾಸ್ವಾಮಿಗಳಿಗೆ ಬೈಲಪ್ಪ ಮಾಡುವ ನಮಸ್ಕಾರಗಳು. ಟೇಪೂ ಮಿಷನ್ನೂ ಒಂದೇ ಹೇಳುತ್ತವೆ. ಈ ದಿನ ಎರಡೂ ಮೂರೂವರೆ ಅಡಿ ಅಂದವು. ನಾನೇ ನೋಡಿ, ನಾನೇ ಕೂಗಿದ್ದೇನೆ. ಮುಖ್ಯವಾಗಿ ಬರೆಯುವುದೇನೆಂದರೆ, ನಮ್ಮ ಅತ್ತೆಯವರ ತಗಡನ್ನು ಪಾರ್ಸಲು ಮಾಡಿ ಕಳಿಸಿಕೊಡತಕ್ಕದ್ದು. ಅಲ್ಲಿ ಯಾವುದಾದರೂ ಮಿಷನ್ನಿಗೆ ಕಟ್ಟಿದ್ದರೆ ಈ ಕಾಗದ ಕಂಡ ಕೂಡಲೇ ಬಿಚ್ಚಿಬಿಡಿ. ನಿಮ್ಮ ತೋಳಿನದು ಹಾಗೇ ಇರಲಿ."

ಅಂಟು ನೆಕ್ಕಿ, ಒತ್ತಿ, ಮಾರನೆಯ ದಿನ ಮಿಲ್ಲಿನಿಂದ ಬರುವ ದಾರಿಯಲ್ಲಿ ಪೇಟೆಯ ಕೆಂಪು ಪೋಸ್ಟು ಡಬ್ಬಿಯ ಮುಂದೆ ನಿಂತ. ಲಕೋಟೆಯನ್ನು ಅದರ ಬಾಯಿಗೆ ಹಾಕಿದ. ಬಿದ್ದ ಸದ್ದು ಕೇಳಲಿಲ್ಲ. ನಡುವೆ ಎಲ್ಲಾದರೂ ಸಿಕ್ಕಿಕೊಂಡಿದ್ದರೆ? ಹಿಂದೆ ಮುಂದೆ ನೋಡಿದ. ಜೇಬಿನಿಂದ ಟೇಪು ತೆಗೆದು, ಥಳಥಳ ಹೊಳೆಯುವ ಗುಂಡನ್ನು ಡಬ್ಬಿಯ ಬಾಯಿಯೊಳಗೆ ಮೆಲ್ಲಗೆ ಇಳಿಬಿಟ್ಟ. ಗುಂಡು ಹೋಗಿ ಕಾಗದದ ರಾಶಿಯ ಮೇಲೆ ಮೆತ್ತಗೆ ಕೂತಿತು. ಬಾಯಿಯಿಂದ ಅಲ್ಲಿಗೆ ಎಷ್ಟು ದೂರವೋ ಅಷ್ಟನ್ನು, ಮಿಷನ್ನಿನ ಲೆಕ್ಕದ ಹಾಗೆ, ಡಬ್ಬಿಯ ಎತ್ತರದಲ್ಲಿ ಕಳೆದ. ಅವನ ಎಡಗೈ ತಾನಾಗಿಯೇ ಕಿವಿಗೆ ಹೋಯಿತು.

"ಒಂದಡೀ!"

ಪೇಟೆಯೆಲ್ಲ ತಿರುಗಿ ನೋಡಿತು. ಬೆಟ್ಟ, ಒಂದು ಗಳಿಗೆ ತಡೆದು, ಒಪ್ಪಿಕೊಂಡಿತು.